ಹೆಸರು ಮೊದಲು, ರಕ್ತ ಆಮೇಲೆ

ಸಾಗರದ ಆ ಲ್ಯಾಬಿನಲ್ಲಿ ಸರ್ವರ್ ನೋಡಿಕೊಳ್ಳುವವಳು ಶಿಲ್ಪಶ್ರೀ. ಹೊಸನಗರ, ತೀರ್ಥಹಳ್ಳಿ ಶಾಖೆಗಳ ರಕ್ತಪರೀಕ್ಷೆಯ ವರದಿಗಳೂ ಅದರೊಳಗೇ ಬಂದು ಕೂರುತ್ತವೆ. ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಡಿಸ್ಕ್ ಎಲ್ಲವೂ ಸರಿಯಾಗಿದೆ ಎಂದು ತೋರಿಸಿತು. ಆದರೂ ಮನಸ್ಸು ಒಪ್ಪದೆ ಅವಳು ಒಂದು ವರದಿ ತೆರೆದಳು. ಅದು ನಿಟ್ಟೂರಿನ ಗುತ್ಯಮ್ಮನ ಮೊಮ್ಮಗಳದು. ಜ್ವರದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುದುಕಿ ಹೊರಗೆ ಕಾಯುತ್ತಿದ್ದಳು.

ಮೇಲೆ ಮಗುವಿನ ಹೆಸರು. ಪ್ಲೇಟ್‌ಲೆಟ್ ಸರಿಯಾಗಿದೆ. ಕೆಳಗೊಂದು ಸಾಲು, ಗಂಡಸರಿಗಷ್ಟೇ ಮಾಡುವ ಪ್ರಾಸ್ಟೇಟ್ ಪರೀಕ್ಷೆಯದು.

ಮಗುವಿನ ಅನ್ನದಲ್ಲಿ ಯಾರದೋ ಕೂದಲು ಸಿಕ್ಕಂತಾಯಿತು ಶಿಲ್ಪಶ್ರೀಗೆ.

ಕಾರಣ ಗೊತ್ತಾಗಲು ಹೊತ್ತು ಬೇಕಾಗಲಿಲ್ಲ. ವರದಿಯ ವಿಷಯ ಡಿಸ್ಕಿನಲ್ಲಿ ಕೂತ ಮೇಲಷ್ಟೇ ಅದರ ಹೆಸರು ದಾಖಲಾಗಬೇಕೆಂದು ಅವಳು ಸರ್ವರಿಗೊಂದು ಕಟ್ಟು ಹಾಕಿಟ್ಟಿದ್ದಳು. ಅದರಿಂದ ಕೆಲಸ ನಿಧಾನವಾಗುತ್ತದೆಂದು ತೀರ್ಥಹಳ್ಳಿ ಶಾಖೆಯ ಹರ್ಷ, ಮಾಲೀಕ ಉಮಾಪತಿಯವರ ಅಳಿಯ, ಅಲ್ಲಿಂದಲೇ ಆ ಕಟ್ಟು ಬಿಚ್ಚಿದ್ದ. ಹೆಸರು ಮುಂದೆ ಓಡಿತು, ವಿಷಯ ಬರುವ ಮೊದಲೇ ಕರೆಂಟು ಹೋಯಿತು. ಆ ಜಾಗದಲ್ಲಿ ಎಂದೋ ಅಳಿಸಿದ್ದ ಯಾರದೋ ವರದಿ ಎದ್ದು ಕೂತಿತು. ಯುಪಿಎಸ್ ಇದ್ದಿದ್ದರೆ ಇದಾಗುತ್ತಿರಲಿಲ್ಲ. ಅದನ್ನು ಉಮಾಪತಿ ತಾಳಮದ್ದಳೆಯ ಮೈಕಿಗೆ ಕೊಟ್ಟು ಕಳಿಸಿದ್ದರು.

“ಲಿಂಗನಮಕ್ಕಿ ಡ್ಯಾಮ್ ಪಕ್ಕದಲ್ಲೇ ಇಟ್ಕೊಂಡು ಯುಪಿಎಸ್ ಎಂತಕ್ಕೆ ಮಾರಾಯ್ತಿ” ಎಂದು ಆಗ ಹೇಳಿದ್ದವರು ಈಗ ಒಳಗೆ ಬಂದು ಪರದೆಗೆ ಬಗ್ಗಿ ನೋಡಿದರು. “ಆ ಕಡೇ ಸಾಲು ಒಂದು ತೆಗಿ. ಉಳಿದದ್ದು ಚಂದ ಇದ್ಯಲ್ಲ. ಪ್ರಿಂಟ್ ಕೊಡು.”

“ಇದು ಆ ಮಗೀನ ರಕ್ತ ಅಲ್ಲ ಸರ್.”

“ನಾರ್ಮಲ್ ಅಂತ ಬಂದ್ರೆ ಯಾರಿಗೆ ಬೇಜಾರು?”

ಅವರ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ಶಿಲ್ಪಶ್ರೀ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಹೊರಗೆ ಹೋದಳು.

“ಅಜ್ಜಿ, ಇನ್ನೊಂದ್ಸಲ ರಕ್ತ ತೆಗೀಬೇಕು. ಮೊದಲಿನ ಲೆಕ್ಕ ನಮ್ ಕಂಪ್ಯೂಟರಲ್ಲಿ ಹಾಳಾತು.”

“ಅದ್ಕೂ ಜ್ವರ ಬಂತಾ?” ಗುತ್ಯಮ್ಮ ಮಗುವಿನ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಈಗಷ್ಟೇ ಅತ್ತು ಮಲಗ್ಯದೆ ಕಣೆ.”

“ನಾನು ಹಿಡ್ಕೋತೀನಿ. ನನ್ ಮಗಳೂ ಸೂಜಿ ಅಂದ್ರೆ ಹಿಂಗೇ.”

ಸೂಜಿ ಇಳಿದಾಗ ಮಗು ಶಿಲ್ಪಶ್ರೀಯ ಕತ್ತಿಗೆ ಮುಖ ಒತ್ತಿಕೊಂಡು ಅತ್ತಿತು. ಬಿಸಿ ಉಸಿರು ಕುಪ್ಪಸದೊಳಕ್ಕೆ ಇಳಿಯುತ್ತಿತ್ತು. ಅತ್ತು ಸುಸ್ತಾಗುವವರೆಗೆ ಅವಳು ಬೆನ್ನು ನೇವರಿಸುತ್ತಲೇ ನಿಂತಳು.

ಹೊಸ ಲೆಕ್ಕವನ್ನು ಅವಳು ಸರ್ವರಿಗೆ ಬಿಡಲಿಲ್ಲ. ಯಂತ್ರದ ಮುಂದೆಯೇ ನಿಂತು ಚೀಟಿ ತೆಗೆದು ನೋಡಿದಳು. ಪ್ಲೇಟ್‌ಲೆಟ್ ತೀರಾ ಕೆಳಗಿಳಿದಿತ್ತು.

“ಮನೀಗ್ ಹೋಗ್ಬೇಡಿ ಅಜ್ಜಿ. ಸೀದಾ ಆಸ್ಪತ್ರೆಗೆ ಹೋಗಿ, ಇದನ್ನ ಡಾಕ್ಟ್ರ ಕೈಗೇ ಕೊಡಿ.” ಆಟೊ ಹತ್ತಿಸಿ ಒಳಗೆ ಬಂದಳು.

ಉಮಾಪತಿ ಹೊಸ ಲೆಕ್ಕವನ್ನು ಯಂತ್ರದಲ್ಲೇ ಓದಿದ್ದರು. “ಸದ್ಯ, ಒಳ್ಳೇದೇ ಆತು,” ಎಂದರು. “ಹೊರಗೆ ಮಾತ್ರ ಎಲ್ಲೂ ಹೇಳ್ಬೇಡ.”

ಶಿಲ್ಪಶ್ರೀ ಪರದೆಯ ಮುಂದೆ ಕೂತಳು. ಹರ್ಷ ಬಿಚ್ಚಿದ್ದ ಕಟ್ಟನ್ನು ಮತ್ತೆ ಹಾಕಿದಳು. ಮೊದಲು ಹೊಸನಗರದ ಶಾಖೆಗೆ ಫೋನು ಮಾಡಿದಳು.

“ವೇದಕ್ಕಾ, ಕರೆಂಟು ಬಂದ್ಮೇಲೆ ಯಾರ್ ಯಾರಿಗೆ ವರದಿ ಕೊಟ್ರಿ? ಎಲ್ಲಾರ್ನೂ ವಾಪಸ್ ಕರೀರಿ. ಹೌದು, ತಪ್ಪು ನಮ್ದೇ ಅಂತ ಹೇಳಿ.”

ಫೋನು ಕಿತ್ತುಕೊಳ್ಳಲು ಉಮಾಪತಿ ಕೈ ಚಾಚಿದರು. ಆ ಕೈ ತಾಗದಂತೆ ಅವಳು ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.