ವಿಭೂತಿ ಅಮ್ಮನ ಖಾನಾವಳಿ

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಊಟ ಎಲ್ಲಿ ಚೆನ್ನಾಗಿರುತ್ತದೆ ಅಂತ ಯಾರನ್ನಾದರೂ ಕೇಳಿ ನೋಡಿ, "ವಿಭೂತಿ ಅಮ್ಮನ ಖಾನಾವಳಿಗೆ ಹೋಗ್ರಿ" ಅನ್ನುತ್ತಾರೆ. ಬೋರ್ಡಿನ ಮೇಲೆ ಮಾತ್ರ ಹಾಗಿರಲಿಲ್ಲ. ಅಲ್ಲಿ ಯಜಮಾನರಾದ ನಾಗರಾಜಪ್ಪನವರು ತಮ್ಮ ಮನೆದೇವರ ಹೆಸರು ಬರೆಸಿ, ಸುತ್ತಲೂ ಬಣ್ಣದ ಬಲ್ಬು ಹಾಕಿಸಿದ್ದರು. ಅದನ್ನು ಓದಿದವರು ಯಾರೂ ಇದ್ದಂತಿರಲಿಲ್ಲ. ಹಣೆ ತುಂಬ ಮೂರು ಗೆರೆ ವಿಭೂತಿ, ನಡುವೆ ಕಾಸಗಲ ಕುಂಕುಮ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಅವರ ಹೆಂಡತಿ ಶಕುಂತಲಮ್ಮನ ಮುಖವೇ ಜನಕ್ಕೆ ಬೋರ್ಡು.

ಸೊರಬದ ಪ್ರಿಯಂವದಾಗೆ ಈ ಕೆಲಸ ಸಿಕ್ಕಿದ್ದು ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ. ಹೋಟೆಲು, ಅಂಗಡಿ, ಲಾಡ್ಜುಗಳ ಒಳಾಂಗಣ ವಿನ್ಯಾಸ ಮಾಡಿಕೊಡುವುದು ಅವಳ ಕಸುಬು. ಶಿವಮೊಗ್ಗದಲ್ಲಿ ಒಂದು ಪುಟ್ಟ ಆಫೀಸು. ಖಾನಾವಳಿಯನ್ನು ಹೊಸದು ಮಾಡಬೇಕು ಅಂತ ನಾಗರಾಜಪ್ಪನವರ ಮಗ ಮಲ್ಲಿಕಾರ್ಜುನ್ ಕರೆಸಿದಾಗ, ಬೇರೆ ವಿನ್ಯಾಸಕಾರರೆಲ್ಲ ಲ್ಯಾಪ್‌ಟಾಪ್ ತೆರೆದು ದುಬೈ ಹೋಟೆಲುಗಳ ಫೋಟೊ ತೋರಿಸಿ ಹೋಗಿದ್ದರು. ಇವಳು ಮೂಲೆಯ ಮೇಜಿನಲ್ಲಿ ಕೂತು ರೊಟ್ಟಿ, ಎಣ್ಣೆಗಾಯಿ ಪಲ್ಯ ಹೊಟ್ಟೆ ತುಂಬ ಉಂಡು, ಕೈ ತೊಳೆದು ಬಂದು, "ನಿಮ್ಮ ಬ್ರ್ಯಾಂಡು ನಿಮ್ಮ ಅಮ್ಮನ ಹಣೆ ಮೇಲೇ ಇದೆಯಲ್ರೀ, ಎಲ್ಲೆಲ್ಲಿ ಹುಡುಕ್ತಾ ಇದ್ದೀರಾ?" ಅಂದಳು. ಮಲ್ಲಿಕಾರ್ಜುನ್ ಬೆರಗಾದ. ನಾಗರಾಜಪ್ಪ ನಕ್ಕರು. ಶಕುಂತಲಮ್ಮ ಸೆರಗಿನಿಂದ ಹಣೆಯ ಬೆವರು ಒರೆಸಿಕೊಳ್ಳಲು ಹೋಗಿ, ವಿಭೂತಿ ಅಳಿಸೀತು ಅಂತ ಕೈ ತಡೆದರು.

ಅಲ್ಲಿಂದ ಮೂರು ಬಿಳಿ ಗೆರೆ, ನಡುವೆ ಒಂದು ಕೆಂಪು ಬೊಟ್ಟು ಖಾನಾವಳಿಯ ಗುರುತಾಯಿತು. ಬೋರ್ಡಿನ ಮೇಲೆ, ಮೆನು ಕಾರ್ಡಿನ ಮೇಲೆ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಎಲ್ಲ ಅದೇ. ಒಂದು ಗುರುತು ಅಂತ ಹಿಡಿದ ಮೇಲೆ ಅದು ಬಾಗಿಲಿನಿಂದ ಕೊನೆಯವರೆಗೂ ಗಿರಾಕಿಯನ್ನು ಕೈ ಹಿಡಿದು ಕರೆದೊಯ್ಯಬೇಕು ಅನ್ನುವುದು ಪ್ರಿಯಂವದಾಳ ಕಸುಬಿನ ಹಠ. ಎಡವಟ್ಟಾಗಿದ್ದು ಆ ಹಠದಿಂದಲೇ.

ಉದ್ಘಾಟನೆಯ ದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಿದ್ದಳು. ನೆಲಕ್ಕೆ ಗೀರು ಬೀಳದಿರಲಿ ಅಂತ ಇಷ್ಟು ದಿನ ಪ್ಲಾಸ್ಟಿಕ್ ಹಾಸಿ ಮೇಲೆ ಪಿಒಪಿ ಪ್ಲಾಸ್ಟರ್ ಬಳಿದಿದ್ದನ್ನು ಹಿಂದಿನ ಸಂಜೆಯಷ್ಟೇ ಕಿತ್ತು ತೆಗೆದು ತೊಳೆದಿದ್ದರು. ಕರಿ ಕಲ್ಲಿನ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾಗಿಲಿನಿಂದ ಕೈ ತೊಳೆಯುವ ಜಾಗದವರೆಗೆ ಮೂರು ಬಿಳಿ ಅಮೃತಶಿಲೆಯ ಪಟ್ಟಿಗಳು ಸಾಲಾಗಿ ಹರಿದಿದ್ದವು. ಗಲ್ಲಾಪೆಟ್ಟಿಗೆಯ ಎದುರು, ಬಿಲ್ಲು ಕೊಡಲು ಗಿರಾಕಿ ನಿಲ್ಲಬೇಕಾದ ಕಡೆ, ಆ ಪಟ್ಟಿಗಳ ನಡುವೆ ಒಂದು ಕೆಂಪು ದುಂಡು ಕಲ್ಲು. ತಾನೇ ಮಾಡಿಸಿದ್ದನ್ನು ನೋಡಿ ಅವಳಿಗೆ ಹೆಮ್ಮೆಯಾಯಿತು. ಲೈಟು ಕಣ್ಣಿಗೆ ಹೊಡೆಯುತ್ತದೋ ಏನೋ ನೋಡೋಣ ಅಂತ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಶಕುಂತಲಮ್ಮನ ಕುರ್ಚಿಯಲ್ಲಿ ಕೂತಳು.

ಕೂತವಳು ತಲೆ ತಗ್ಗಿಸಿ ನೆಲ ನೋಡಿದಳು.

ಬಾಗಿಲಿನಿಂದ ನೋಡಿದರೆ ಅವು ಒಳಗೆ ಹೋಗುವ ದಾರಿ. ಈ ಕುರ್ಚಿಯಿಂದ ನೋಡಿದರೆ ಅಡ್ಡಡ್ಡ ಮೂರು ಗೆರೆ, ನಡುವೆ ಕುಂಕುಮ. ಶಕುಂತಲಮ್ಮನ ಹಣೆಯೇ ನೆಲದಲ್ಲಿ ಮಲಗಿತ್ತು. ಗೋಡೆಯ ಮೇಲೆ ಕೈ ಮುಗಿಯುವ ಹಾಗಿದ್ದದ್ದನ್ನು ಅವಳು ಕಾಲಿನ ಕೆಳಗೆ ತಂದು ಹಾಸಿದ್ದಳು. ಬಸ್ಸಿಳಿದು ಬಂದವನು ಚಪ್ಪಲಿ ಕಾಲಲ್ಲಿ ಆ ಗೆರೆಗಳನ್ನು ತುಳಿದುಕೊಂಡು ಬಂದು, ಸರಿಯಾಗಿ ಕುಂಕುಮದ ಮೇಲೆ ನಿಂತು, ಕಿಸೆಗೆ ಕೈ ಹಾಕಬೇಕು. ಆ ಅಮ್ಮ ದಿನವಿಡೀ ಇಲ್ಲಿ ಕೂತು ಅದನ್ನೇ ನೋಡಬೇಕು.

ಕಂಪ್ಯೂಟರಿನ ನಕ್ಷೆಯಲ್ಲಿ ನೆಲವೂ ಒಂದು ಚೌಕ, ಗೋಡೆಯೂ ಒಂದು ಚೌಕ. ತುಳಿಯುವ ಕಾಲು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಕಲ್ಲು ಕೂರಿಸಿದವರು ರಾಜಸ್ಥಾನದವರು, ಅವರಿಗೆ ಅದು ಬರೀ ಡಿಸೈನು. ಮಲ್ಲಿಕಾರ್ಜುನ್ ನೋಡಿದ್ದು ತುಂಡು ತುಂಡಾಗಿ. ಉದ್ಘಾಟನೆಗೆ ಬರುವ ಮಠದ ಸ್ವಾಮಿಗಳ ಪಾದ ಬೀಳುವ ತನಕ ಒಳಗೆ ಬರುವುದಿಲ್ಲ ಅಂತ ಶಕುಂತಲಮ್ಮ ಕೆಲಸ ಶುರುವಾದ ದಿನವೇ ಹೇಳಿಬಿಟ್ಟಿದ್ದರು. ಆದರೆ ಪ್ರಿಯಂವದಾಗೆ ಏನು ಧಾಡಿ? ಅವಳ ಅಪ್ಪನೂ ದಿನಾ ವಿಭೂತಿ ಇಟ್ಟುಕೊಂಡೇ ಸಂಧ್ಯಾವಂದನೆ ಮಾಡುವವರು.

ಅಷ್ಟರಲ್ಲಿ ನಾಗರಾಜಪ್ಪ ರೇಷ್ಮೆ ಪಂಚೆ ಉಟ್ಟು, ಹಣೆಗೆ ದಟ್ಟವಾಗಿ ವಿಭೂತಿ ಬಳಿದುಕೊಂಡು ಒಳಗೆ ಬಂದರು.

"ಏನ್ ಮೇಡಮ್ಮೋರೆ, ಯಜಮಾನಿ ಕುರ್ಚಿಗೇ ಕೂತುಬಿಟ್ರಲ್ರೀ!"

ಅವಳು ನಗಲಿಲ್ಲ. "ಸ್ವಲ್ಪ ಇಲ್ಲಿ ಬನ್ನಿ. ಇಲ್ಲಿಂದ ನೆಲ ನೋಡಿ" ಅಂದಳು.

ಅವರು ಬಂದು ನೋಡಿದರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೈ ತಾನಾಗಿಯೇ ತಮ್ಮ ಹಣೆಗೆ ಹೋಯಿತು.

"ಎಂಥ ಕೆಲ್ಸ ಮಾಡಿದ್ರಿ ನೀವು?" ದನಿ ತಗ್ಗಿಸಿಯೇ ಕೇಳಿದರು.

"ತಪ್ಪಾಯ್ತು. ನನಗೂ ಈಗ ಕಣ್ಣಿಗೆ ಬಿತ್ತು. ಅಮ್ಮಂಗೆ ಹೇಳಿಬಿಡ್ತೀನಿ."

"ಬ್ಯಾಡ್ರಿ!" ಅವರು ಬಾಗಿಲ ಕಡೆ ನೋಡಿದರು. ಹೊರಗೆ ಶಾಮಿಯಾನದ ಕೆಳಗೆ ಜನ ಸೇರತೊಡಗಿದ್ದರು. ಈಸೂರಿನ ಬೀಗರು ಆಗಲೇ ಬಂದು ಕಾಫಿ ಕುಡಿಯುತ್ತಿದ್ದರು. "ಅರ್ಧ ಊರೇ ಬಂದೈತೆ. ಈಗ ಬಾಯಿ ಬಿಟ್ರೆ ನಾನು ತಲೆ ಎತ್ತಿ ತಿರುಗಾಡಂಗಿಲ್ಲ. ಸ್ವಾಮಿಗೋಳು ಹೆಂಗೂ ನಡೆಮಡಿ ಮ್ಯಾಲೆ ನಡೀತಾರೆ, ಕೆಳಗಿಂದು ಕಾಣಂಗಿಲ್ಲ. ನಾಳೆ ಹೊತ್ತಾರೆ ಕಿತ್ತು ಹಾಕ್ಸನ. ಇವಳಿಗೆ ಮಾತ್ರ ಗೊತ್ತಾಗಬಾರ್ದು ನೋಡ್ರಿ."

ಸ್ವಾಮಿಗಳು ಬಂದಾಗ ಮಡಿವಾಳರ ರಾಮಪ್ಪ ಅವರ ಪಾದದ ಮುಂದೆ ಮಡಿಬಟ್ಟೆ ಹಾಸುತ್ತ ಹೋಗುವುದು ಆ ಮನೆಯ ವಾಡಿಕೆ. ಅದೇ ನಡೆಮಡಿ. ಅದರ ಮೇಲೆ ಬೇರೆ ಯಾರೂ ಕಾಲಿಡುವುದಿಲ್ಲ. ಹಿಂದಿನ ಬಟ್ಟೆ ಎತ್ತಿ ಮುಂದೆ ಹಾಸುವುದು ರೂಢಿಯಾದರೂ, ನಾಗರಾಜಪ್ಪ ಆಗಲೇ ರಾಮಪ್ಪನನ್ನು ಕರೆದು, ಮನೆಯಲ್ಲಿದ್ದ ಪಂಚೆಗಳನ್ನೆಲ್ಲ ತರಿಸಿಕೊಟ್ಟು, ಬಾಗಿಲಿನಿಂದ ಕೊನೆಯವರೆಗೂ ಒಟ್ಟಿಗೆ ಹಾಸಿಬಿಡು, ಯಾವುದನ್ನೂ ಎತ್ತಬೇಡ ಅಂದರು. ಯಾಕೆ ಅಂತ ರಾಮಪ್ಪ ಕೇಳಲಿಲ್ಲ.

ಪ್ರಿಯಂವದಾ ಸುಮ್ಮನಾದಳು. ಯಜಮಾನರೇ ಬೇಡ ಅಂದ ಮೇಲೆ ತನ್ನದೇನು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಅದು ಅರ್ಧ ಸುಳ್ಳು. ಅವಳಿಗೆ ಸುಮ್ಮನಿರಲು ತನ್ನದೇ ಕಾರಣ ಇತ್ತು. ಆ ಕಾರಣ ಈಗ ಕಾರಿನಿಂದ ಇಳಿದು, ಶಲ್ಯ ಕೊಡವಿಕೊಂಡು ಒಳಗೆ ಬರುತ್ತಿತ್ತು.

ಸೊರಬದ ಚಿದಂಬರ ಹೆಗಡೆಯವರು ತಮ್ಮ ಲಾಡ್ಜನ್ನು ಹೊಸದು ಮಾಡಿಸಬೇಕೆಂದಿದ್ದರು. ಇಲ್ಲಿಯ ಕೆಲಸ ನೋಡಿ ಮನಸ್ಸಿಗೆ ಬಂದರೆ ಇವಳಿಗೇ ಕೊಡುವುದು ಅಂತ ಮಾತಾಗಿತ್ತು. ಗೋಡೆಗೆ ಬಣ್ಣ ಬಳಿಸೋಕೆ ಐದು ವರ್ಷ ಓದಬೇಕಾಯ್ತಾ ಅಂತ ಮದುವೆ ಮನೆಗಳಲ್ಲಿ ಅವಳ ಕಾಲೆಳೆದದ್ದು ಇದೇ ಸೊರಬ. ಆ ಊರಿನ ನಡುಬೀದಿಯಲ್ಲಿ ತನ್ನ ಕೈಕೆಲಸ ನಿಲ್ಲಬೇಕು ಅನ್ನುವ ಆಸೆ ಅವಳನ್ನು ಎಷ್ಟು ಸುಟ್ಟಿತ್ತೆಂದು ಅವಳಿಗೇ ಗೊತ್ತು. ಇವತ್ತು ಇಲ್ಲಿ ಗಲಾಟೆಯಾದರೆ ಸಂಜೆಯೊಳಗೆ ಸುದ್ದಿ ಸೊರಬ ಮುಟ್ಟುತ್ತದೆ, ಬಣ್ಣ ಬಳಿಯುವವಳು ವಿಭೂತಿ ತುಳಿಸಿದಳು ಅಂತ.

"ಚಂದ ಮಾಡಿದೀಯ ಮಾರಾಯ್ತಿ" ಅಂದರು ಹೆಗಡೆಯವರು, ಗೋಡೆ ನೋಡುತ್ತ. ನೆಲದ ಮೇಲೆ ಅಷ್ಟರಲ್ಲಿ ರಾಮಪ್ಪ ಪಂಚೆ ಹಾಸಿ ಮುಗಿಸಿದ್ದ. "ನಮ್ಮ ಲಾಡ್ಜಿಗೂ ಇಂಥದ್ದೇ ಏನಾದ್ರೂ ಹೊಳೀಬೇಕು ನಿಂಗೆ. ನಾಳೆನೇ ಬಂದು ಜಾಗ ನೋಡಿಬಿಡು."

ಪ್ರಿಯಂವದಾ ತಲೆಯಾಡಿಸಿದಳು.

ಹೊರಗೆ ಸಮಾಳ ವಾದ್ಯದ ಸದ್ದು ಕೇಳಿಸಿತು. ಸ್ವಾಮಿಗಳು ಬಂದರು. ಮಲ್ಲಿಕಾರ್ಜುನ್ ಮುಂದೆ ಮುಂದೆ ದಾರಿ ಬಿಡಿಸುತ್ತಿದ್ದ. ನಾಗರಾಜಪ್ಪ ಕೈ ಮುಗಿದುಕೊಂಡು ಪಕ್ಕದಲ್ಲಿ. ಸ್ವಾಮಿಗಳ ಹಿಂದೆ, ಎರಡೂ ಕೈಯಲ್ಲಿ ಆರತಿ ತಟ್ಟೆ ಹಿಡಿದ ಶಕುಂತಲಮ್ಮ. ಇಳಕಲ್ ಸೀರೆ, ಬರಿಗಾಲು, ಹಣೆಯ ತುಂಬ ಅದೇ ಮೂರು ಗೆರೆ. ತಮ್ಮ ಖಾನಾವಳಿಯ ಹೊಸಿಲನ್ನು ಅವರು ಹೊಸಬರ ಹಾಗೆ ಮುಟ್ಟಿ ನಮಸ್ಕರಿಸಿ ಒಳಗೆ ಬಂದರು. ಗೋಡೆಯ ಮೇಲಿನ ಗುರುತು ನೋಡಿ ನಾಚಿಕೊಂಡರು. ಜನರ ನಡುವೆ ಪ್ರಿಯಂವದಾಳನ್ನು ಹುಡುಕಿ ಕಣ್ಣಿನಲ್ಲೇ ನಕ್ಕರು. ಪ್ರಿಯಂವದಾ ನೆಲದ ಪಂಚೆಯ ಕಡೆ ಕಣ್ಣು ತಿರುಗಿಸಿದಳು.

ಸ್ವಾಮಿಗಳು ಪಂಚೆಯ ಮೇಲೆ, ಉಳಿದವರೆಲ್ಲ ಅದರ ಅಕ್ಕಪಕ್ಕದಲ್ಲಿ ನಡೆಯುತ್ತಿದ್ದರು. ಇನ್ನು ಸ್ವಲ್ಪ ದೂರ. ಕೊನೆಯಲ್ಲಿ ಪೀಠ ಹಾಕಿತ್ತು. ಅಲ್ಲಿ ಕೂತು ಪಾದಪೂಜೆಯಾದರೆ ಮುಗಿಯಿತು ಅಂತ ಪ್ರಿಯಂವದಾ ಅವರ ಹೆಜ್ಜೆ ಎಣಿಸುತ್ತಿದ್ದಳು.

ಗಲ್ಲಾಪೆಟ್ಟಿಗೆ ದಾಟಿದ ಸ್ವಾಮಿಗಳು ಅಲ್ಲೇ ನಿಂತರು. ಬಲಗಡೆ ಅಡುಗೆಮನೆ, ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

"ಮೊದಲು ಒಲೆ ನೋಡೋಣ. ಅನ್ನ ಹುಟ್ಟುವ ಜಾಗ ಅಲ್ಲವೇ ದೊಡ್ಡದು?" ಅಂದರು.

ಅಡುಗೆಮನೆಯ ಕಡೆ ಬಟ್ಟೆ ಹಾಸಿರಲಿಲ್ಲ. ಇದ್ದ ಪಂಚೆಯೆಲ್ಲ ದಾರಿಗೇ ಮುಗಿದಿತ್ತು. ಸ್ವಾಮಿಗಳನ್ನು ನಿಲ್ಲಿಸಿಕೊಂಡು ಕಾಯಿಸುವುದುಂಟೇ? ರಾಮಪ್ಪನ ಕೈ ಜನ್ಮದ ರೂಢಿಯಂತೆ ಕೆಲಸ ಮಾಡಿತು. ಬಾಗಿಲ ಕಡೆಯಿಂದ ಒಂದು ಪಂಚೆ ಎತ್ತಿ ತಂದು ಅಡುಗೆಮನೆಯ ಕಡೆ ಹಾಸಿದ. ಇನ್ನೊಂದು ಎತ್ತಿದ. ನಾಗರಾಜಪ್ಪ "ಲೇ ರಾಮಪ್ಪ" ಅಂದರು. ವಾದ್ಯದ ಗದ್ದಲದಲ್ಲಿ ಅದು ಅವನಿಗೆ ಕೇಳಿಸಲಿಲ್ಲ. ಬಟ್ಟೆ ಸರಿದಲ್ಲೆಲ್ಲ ಕರಿ ನೆಲದಲ್ಲಿ ಬಿಳಿ ಗೆರೆ ಬಿಚ್ಚಿಕೊಳ್ಳುತ್ತ ಬಂತು. ಗಲ್ಲಾಪೆಟ್ಟಿಗೆಯ ಎದುರಿನ ಪಂಚೆಯೂ ಎದ್ದಿತು. ಕೆಂಪು ಕಲ್ಲು ಬಯಲಾಯಿತು.

ನಡುದಾರಿ ತೆರವಾದದ್ದೇ ಹಿಂದಿದ್ದ ಜನ ಒತ್ತಿಕೊಂಡು ನಡುವಿಗೆ ಬಂದರು. ಶಕುಂತಲಮ್ಮನೂ ಬಂದರು. ಅವರ ಕಣ್ಣು ಸ್ವಾಮಿಗಳ ಬೆನ್ನಿನ ಮೇಲೆ, ಕೈಯಲ್ಲಿ ಉರಿಯುವ ಕರ್ಪೂರ. ತಟ್ಟೆ ಅಡ್ಡವಾಗಿ ನೆಲ ಕಾಣುವಂತಿರಲಿಲ್ಲ.

ನಾಗರಾಜಪ್ಪ ಪ್ರಿಯಂವದಾಳ ಕಡೆ ನೋಡಿ ಕಣ್ಣಲ್ಲೇ ಬೇಡ ಅಂದರು. ಪಕ್ಕದಲ್ಲಿ ಹೆಗಡೆಯವರು, "ನಾಳೆ ಬೆಳಿಗ್ಗೆ ಬರ್ತೀಯಲ್ಲ?" ಅಂತ ಕಿವಿಯ ಹತ್ತಿರ ಕೇಳುತ್ತಿದ್ದರು. ಹೌದು ಅಂದುಬಿಟ್ಟರೆ ಆಯಿತು. ಒಂದು ಹೆಜ್ಜೆ ತಾನೇ? ಗೊತ್ತಿಲ್ಲದೆ ತುಳಿದರೆ ಅವರಿಗೇನು ಪಾಪ? ಮೂರು ಗೆರೆಯ ಹಣೆ ಮುಂದೆ ಬರುತ್ತಿತ್ತು. ಕೆಳಗೆ ಮೂರು ಗೆರೆಯ ಹಣೆ ಕಾಯುತ್ತಿತ್ತು. ಶಕುಂತಲಮ್ಮನ ಬಲಗಾಲು ಮೇಲೆದ್ದಿತು.

"ಅಮ್ಮಾ, ಕಾಲಿಡಬೇಡಿ!"

ತನ್ನ ದನಿ ಅಷ್ಟು ಜೋರಿದೆ ಅಂತ ಪ್ರಿಯಂವದಾಗೆ ಗೊತ್ತಿರಲಿಲ್ಲ. ಸಮಾಳ ನಿಂತಿತು. ಸ್ವಾಮಿಗಳು ತಿರುಗಿದರು. ಶಕುಂತಲಮ್ಮ ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ತಟ್ಟೆ ಪಕ್ಕಕ್ಕೆ ಸರಿಸಿ ಕೆಳಗೆ ನೋಡಿದರು. ಕೆಂಪು ಕಲ್ಲು ನೋಡಿದರು. ಗೆರೆಗಳ ಜಾಡು ಹಿಡಿದು ಬಾಗಿಲವರೆಗೂ, ಕೈ ತೊಳೆಯುವ ಜಾಗದವರೆಗೂ ನೋಡಿದರು. ಆಮೇಲೆ ಗೋಡೆಯ ಮೇಲಿನ ಗುರುತು ನೋಡಿದರು. ತಟ್ಟೆಯನ್ನು ಮಗನ ಕೈಗೆ ಕೊಟ್ಟರು.

"ಇದು ಯಾರ್ ಮಾಡಿದ್ದು?"

"ನಾನು, ಅಮ್ಮ. ತಿಳೀದೆ ಆಯ್ತು. ತುಳಿಯೋ ಜಾಗ ಅಂತ ನಂಗೆ ಹೊಳೀಲೇ ಇಲ್ಲ."

"ಈಗ ಹೆಂಗೆ ಹೊಳೀತು?"

"ಈಗ ಅಲ್ಲ. ಬೆಳಿಗ್ಗೆನೇ ಗೊತ್ತಾಯ್ತು."

"ಬೆಳಿಗ್ಗೆಯಿಂದ ಗೊತ್ತಿದ್ದೂ ಸುಮ್ನಿದ್ದೆ?" ಶಕುಂತಲಮ್ಮ ಹಾಸಿದ್ದ ಪಂಚೆಗಳನ್ನು ಒಂದೊಂದಾಗಿ ನೋಡಿದರು. ಒಂದರ ಅಂಚು ಅವರಿಗೆ ಗುರುತಿತ್ತು. ಬೀರುವಿನಲ್ಲಿ ಅವರೇ ಮಡಿಸಿಟ್ಟದ್ದು. ಅವರು ನಿಧಾನಕ್ಕೆ ಗಂಡನ ಕಡೆ ತಿರುಗಿದರು. "ಮನೆ ಪಂಚೆ ಎಲ್ಲಾ ತರ್ಸಿದ್ದು ಇದಕ್ಕಾ?"

"ನಾಳೆ ಹೊತ್ತಾರೆ ಕೀಳ್ಸನ ಅಂತಿದ್ದೆ ಕಣೆ. ಜನದ ಮುಂದೆ..."

"ಸ್ವಾಮಿಗೋಳ ಪಾದಕ್ಕೆ ಸೋಕಬಾರ್ದು ಅಂತ ಬಟ್ಟೆ ಹಾಸ್ಸಿದ್ರಿ. ನಾನು ತುಳಿದ್ರೆ ನಡೀತಿತ್ತಾ?"

ಇಡೀ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದೊಂದೇ ಕೇಳುತ್ತಿತ್ತು. ಸ್ವಾಮಿಗಳು ಪಂಚೆಯಿಂದ ಇಳಿದು, ಗೋಡೆಯ ಬದಿ ಹಿಡಿದು ಬಾಗಿಲ ಕಡೆ ನಡೆದರು. "ಹೊರಗೇ ಕೂತು ಉಣ್ಣೋಣ, ಎಲೆ ಹಾಕಿಸಿ" ಅಂತಷ್ಟೇ ಅಂದರು. ಜನ ಅವರ ಹಿಂದೆ ಗೋಡೆಗೆ ಅಂಟಿಕೊಂಡು, ಪಿಸುಗುಟ್ಟುತ್ತ ಹೊರಗೆ ಹೋದರು. ಹೆಗಡೆಯವರೂ ಹೊರಟರು. ಹೋಗುವಾಗ, "ನಾಳೆ ಬರೋದು ಬೇಡ, ನಾನೇ ಫೋನ್ ಮಾಡ್ತೀನಿ" ಅಂದರು. ಆ ಫೋನು ಬರುವುದಿಲ್ಲ ಅಂತ ಪ್ರಿಯಂವದಾಗೆ ಗೊತ್ತಾಯಿತು. ಸೊರಬ ಕೈಬಿಟ್ಟು ಹೋದದ್ದಕ್ಕೆ ನೋವಾಯಿತು. ಆದರೂ ಮುಚ್ಚಿಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.

ಮಲ್ಲಿಕಾರ್ಜುನ್ ಕೆಂಡವಾಗಿದ್ದ. "ಮೇಡಂ, ನೀವು ಇನ್ನು ಹೊರಡಿ. ಯತೀಶನ್ನ ಕರ್ಸಿ ನಾನೇ ಕೀಳಿಸ್ತೀನಿ" ಅಂದ. ಯತೀಶ ಊರಿನ ಗಾರೆ ಮೇಸ್ತ್ರಿ.

"ಅವಳು ಹೋಗಂಗಿಲ್ಲ" ಅಂದರು ಶಕುಂತಲಮ್ಮ. ಹೊಸಿಲು ದಾಟಿ ಹೊರಗೆ ನಿಂತಿದ್ದರು ಆಗಲೇ. "ಯತೀಶನೂ ಬ್ಯಾಡ. ಅವನತ್ರ ಉಳಿ, ಸುತ್ತಿಗೆ ಇಸ್ಕೊಂಡು ಬಾ, ಸಾಕು. ಗೊತ್ತಿದ್ದೂ ಮುಚ್ಚಿಟ್ಟೋರು ಇಬ್ರು. ಅವ್ರೇ ಕೀಳ್ಲಿ."

ಹೀಗೆ, ಹೊರಗೆ ಶಾಮಿಯಾನದ ಕೆಳಗೆ ಊರೆಲ್ಲ ಎಲೆಯ ಮುಂದೆ ಕೂತಿದ್ದಾಗ, ರೇಷ್ಮೆ ಪಂಚೆಯ ಯಜಮಾನರೂ ಶಿವಮೊಗ್ಗದ ಡಿಸೈನರ್ ಮೇಡಮ್ಮೂ ಗಲ್ಲಾಪೆಟ್ಟಿಗೆಯ ಎದುರು ಮಂಡಿಯೂರಿ ಕೂತರು. ನಾಗರಾಜಪ್ಪನವರಿಗೆ ಉಳಿ ಹಿಡಿದು ರೂಢಿಯಿಲ್ಲ. ಮೊದಲ ಏಟು ಬೆರಳಿಗೇ ಬಿತ್ತು. ಅವರು ಹಾ ಅನ್ನಲೂ ಇಲ್ಲ. ಪ್ರಿಯಂವದಾ ಉಳಿ ತಾನು ಹಿಡಿದುಕೊಂಡು, ಕೆಂಪು ಕಲ್ಲಿನ ಅಂಚಿನ ಗಾರೆ ಕೆದಕತೊಡಗಿದಳು. ಅವಳ ಬೆವರು ಆ ಕಲ್ಲಿನ ಮೇಲೇ ತೊಟ್ಟಿಕ್ಕುತ್ತಿತ್ತು.

"ಒಡೀಬ್ಯಾಡ್ರಿ" ಅಂತ ಬಾಗಿಲಿಂದ ದನಿ ಬಂತು. "ಕುಂಕುಮ ಅದು, ಇಡೀದಾಗೇ ಬರ್ಬೇಕು."

ಇಬ್ಬರೂ ತಲೆ ಎತ್ತಿದರು. ಶಕುಂತಲಮ್ಮ ಹೊಸಿಲ ಆಚೆ ನಿಂತೇ ಇದ್ದರು. ಊಟಕ್ಕೂ ಕೂತಿರಲಿಲ್ಲ. ಒಳಗೆ ಬಾ ಅಂತ ಕರೆಯುವ ಧೈರ್ಯ ಗಂಡನಿಗೂ ಇರಲಿಲ್ಲ, ಪ್ರಿಯಂವದಾಗೂ ಇರಲಿಲ್ಲ. ಇಬ್ಬರೂ ಮತ್ತೆ ತಲೆ ತಗ್ಗಿಸಿದರು.