ಎರಡು ಪದ್ಯದ ನಡಿಗೆ

“ಈ ಕಾಲು ನನ್ನದಾ, ಪಕ್ಕದ ಮನೆಯವರದಾ?”

ಮಂಚದ ಅಂಚಿನಲ್ಲಿ ಕುಳಿತ ಸುಪ್ರಜಾ ಯಾರನ್ನೂ ಉದ್ದೇಶಿಸದೆ ಕೇಳಿದಳು. ನರಗಳ ಹೊದಿಕೆಯನ್ನು ಕೆಡಿಸುವ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಬಾಯಿ ತುಂಬುವ ಹೆಸರಿನ ಕಾಯಿಲೆ ಅವಳ ಎಡಗಾಲಿಗೆ ಸೋಮಾರಿತನ ಕಲಿಸಿ ಎರಡು ವರ್ಷವಾಗಿತ್ತು. ರಜೆ ಮುಗಿದು, ನಾಳೆ ಅವಳು ಚಾಮರಾಜಪೇಟೆಯ ಶಾಲೆಗೆ ಪಾಠ ಹೇಳಲು ಮರಳಬೇಕು. ತರಗತಿ ಮಹಡಿಯ ಮೇಲೆ; ಮೆಟ್ಟಿಲು ಇಪ್ಪತ್ತೆರಡು.

ವ್ಯಾಯಾಮ ಕಲಿಸಲು ಗವಿಪುರದ ಮನೆಗೆ ಬರುತ್ತಿದ್ದ ಚಿದಂಬರ ಮೊದಲೇ ಹೇಳಿದ್ದ: ಬಿಸಿಲೇರುವ ಮುಂಚೆ, ಫ್ಯಾನಿನ ಕೆಳಗೆ, ಗೋಡೆ ಕೈಗೆಟುಕುವಂತೆ ಎರಡು ನಿಮಿಷ ನಡೆಯಿರಿ, ಎರಡು ನಿಮಿಷ ಕೂರಿ. ಮೈ ಕಾವೇರಬಾರದು; ಏರಿದರೆ ಕಣ್ಣೂ ಕಾಲೂ ಕೈಕೊಡುತ್ತವೆ.

“ಗಡಿಯಾರ ಯಾಕಪ್ಪ, ನಾನಿಲ್ವಾ?” ಎಂದಿದ್ದರು ಅತ್ತೆ ಭಾಗೀರಥಮ್ಮ. “ನನ್ನ ಎರಡು ಪದ್ಯಕ್ಕೆ ಸರಿಯಾಗಿ ಎರಡು ನಿಮಿಷ.”

ಕಾವ್ಯವಾಚನದಲ್ಲಿ ಅತ್ತೆಯದು ಎತ್ತಿದ ಕೈ. ಮೊದಲ ದಿನವೇ ಯುದ್ಧದ ಭಾಗ ಹಿಡಿದರು. ಕುದುರೆಗಳು ನುಗ್ಗಿದವು, ರಥ ಮುರಿಯಿತು, ಎರಡು ಪದ್ಯ ಹನ್ನೊಂದಾಯಿತು. ವಾಚನದ ನಡುವೆ ಎದ್ದುಹೋಗಬಾರದೆಂದು ಕಲಿತು ಬೆಳೆದ ಸುಪ್ರಜಾ, ನಡುವೆ ಕೂರುವುದೂ ಅಪಚಾರವೆಂದುಕೊಂಡು ನಡೆದೇ ನಡೆದಳು. ಹನ್ನೊಂದನೆಯದಕ್ಕೆ ಕಣ್ಣು ಮಸುಕಾಯಿತು, ಕಾಲು ಒದ್ದೆ ಪಂಚೆಯಂತೆ ಜೋತುಬಿತ್ತು, ಅವಳು ಗೋಡೆಗೊರಗಿ ಜಾರಿ ಕುಳಿತಳು. ತಣ್ಣೀರ ಬಟ್ಟೆ ಕತ್ತಿಗೆ ಸುತ್ತಿ ಮುಕ್ಕಾಲು ಗಂಟೆ ಕಾದ ಮೇಲೆ ಕಣ್ಣು ತಿಳಿಯಾಯಿತು. ಕಾಲು ಮಾತ್ರ ಮರುದಿನವಿಡೀ ಮುನಿಸಿಕೊಂಡಿತ್ತು.

“ಸುಸ್ತಾದ್ಮೇಲೆ ನಿಲ್ಲಿಸೋದಲ್ಲ ಮೇಡಂ, ಸುಸ್ತಾಗೋ ಮುಂಚೆ,” ಎಂದ ಚಿದಂಬರ. “ಅಜ್ಜಿ, ನೀವು ಬ್ರೇಕಿಲ್ಲದ ಬಸ್ಸು.”

ಅಂದಿನಿಂದ ಅತ್ತೆ ದೇವರನ್ನು ವರ್ಣಿಸುವ ನಿಧಾನದ ಪದ್ಯಗಳಿಗಿಳಿದರು. ದಿನಕಳೆದಂತೆ ಕಾಲೂ ಅಷ್ಟಿಷ್ಟು ಮಾತು ಕೇಳತೊಡಗಿತು.

ಇವತ್ತು ರಜೆಯ ಕೊನೆಯ ನಡಿಗೆ. ಆ ಸಂಭ್ರಮಕ್ಕೆ ಅತ್ತೆ ಮತ್ತೆ ಯುದ್ಧಕ್ಕೇ ಹೊರಳಿದರು. ಎರಡನೆಯ ಪದ್ಯ ಮುಗಿಯುವಾಗ ಬಿಲ್ಲುಗಾರ ಹೆದೆಯನ್ನು ಕಿವಿಯವರೆಗೆ ಎಳೆದಿದ್ದ. ಮಂಚದಿಂದೇಳುವಾಗ ಮೊಂಡು ಹಿಡಿದಿದ್ದ ಕಾಲಿಗೂ ಹುರುಪು ಬಂದಿತ್ತು. ಇನ್ನೊಂದು ಸುತ್ತು ಹಾಕಬಹುದಿತ್ತು. ಸುಪ್ರಜಾಗೆ ನಾಳೆಯ ಇಪ್ಪತ್ತೆರಡು ಮೆಟ್ಟಿಲು ನೆನಪಾಯಿತು. ಕುರ್ಚಿ ಎಳೆದು ಕುಳಿತಳು.

“ಇನ್ನೊಂದೇ ಒಂದು ಪದ್ಯ ನಡಿಯೇ,” ಅತ್ತೆ ಗೋಗರೆದರು. “ನಿನ್ನ ಹೆಜ್ಜೆ ಸದ್ದಿಲ್ದೆ ನಂಗೆ ಲಯಾನೇ ಸಿಗಲ್ಲ. ಅವನಿನ್ನೂ ಬಾಣ ಬಿಟ್ಟಿಲ್ಲ ಕಣೇ! ಪಾಪ, ಕೈ ನೋಯಲ್ವಾ?”

“ನೋಯ್ಲಿ ಬಿಡಿ ಅತ್ತೆ,” ಎಂದಳು ಸುಪ್ರಜಾ. “ನಾನು ಏಳಲ್ಲ.”