ಪಟ್ಟಿಯಾಚೆ ಒಂದು ಹೆಜ್ಜೆ

ಅಮೆರಿಕದ ಟೊರೆನ್ಸಿನ ವಿಮಾನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಶಿವಕ್ಕ ಇಪ್ಪತ್ತೆಂಟು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತಳಾದವಳು. ತಪ್ಪು ಬರೆದ ಕಾಗದ ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ದುಡಿದ ಕಾಲಿನ್ ಅವಳ ಪಕ್ಕದ ಮನೆಯವನು. ಆಸ್ಟ್ರೇಲಿಯಾದಿಂದ ಬಂದು ಇಲ್ಲಿಯವಳನ್ನು ಮದುವೆಯಾಗಿ ನೆಲೆಸಿದ್ದ. ಈಗ ಎಪ್ಪತ್ತಾರು ವಯಸ್ಸಿನ ಒಂಟಿ ಜೀವ. ವಿಯೆಟ್ನಾಂ ಯುದ್ಧದಲ್ಲಿದ್ದನೆಂದು ಬೀದಿಗೆಲ್ಲ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವನು ಯಾರಿಗೂ ಹೇಳಿದವನಲ್ಲ.

2022ರ ಮಾರ್ಚಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದ ಕಾಲಿನ್, ಟಪಾಲು ಓದಿಹೇಳಲು ಶಿವಕ್ಕನನ್ನು ಕರೆದ. ಆಸ್ಟ್ರೇಲಿಯಾದಿಂದ ಬಂದ ಪತ್ರವೊಂದಿತ್ತು. ಹಳೆಯ ಶೌರ್ಯದ ಪ್ರಕರಣಗಳನ್ನು ಮರುಪರಿಶೀಲಿಸುತ್ತಿದ್ದ ಸಮಿತಿ, ಕಣ್ಣಾರೆ ಕಂಡವರ ಹೇಳಿಕೆ ಸಿಕ್ಕರೆ ಅವನಿಗೆ ಪದಕ ಕೊಡಬಹುದೆಂದು ಬರೆದಿತ್ತು. ಹರಿದು ಬಿಸಾಡು ಎಂದ ಕಾಲಿನ್. ಶಿವಕ್ಕ ಹರಿಯಲಿಲ್ಲ. ಚಹಾ ಮಾಡಿಕೊಟ್ಟು ಎದುರಿಗೇ ಕೂತಳು. ಕಪ್ಪು ಬರಿದು ಮಾಡಿ ಕೆಳಗಿಟ್ಟು ಅವನು ಹೇಳತೊಡಗಿದ.

1969ರಲ್ಲಿ, ನೆಲಬಾಂಬ್ ಹೂತಿದ್ದ ಬಯಲಲ್ಲಿ ಐವರು ಆಸ್ಟ್ರೇಲಿಯನ್ ಸೈನಿಕರು ಗಾಯಗೊಂಡು ಬಿದ್ದಿದ್ದರು. ಅವರ ಚಿಕಿತ್ಸೆಗೆಂದು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿದ ಅಮೆರಿಕನ್ ಸೈನಿಕನೂ ಬಾಂಬ್ ತುಳಿದು ಕಾಲು ಕಳೆದುಕೊಂಡ. ಕಾಲಿನ್ ಹೊಟ್ಟೆಯ ಮೇಲೆ ತೆವಳುತ್ತ, ಬಂದೂಕಿನ ಬಯನೆಟ್ಟಿನಿಂದ ನೆಲ ಚುಚ್ಚಿ ಚುಚ್ಚಿ ದಾರಿ ಮಾಡಿದ. ಗೆಳೆಯ ಟೆರ್ರಿ, ಬಾಂಬಿಲ್ಲದ ದಾರಿಯ ಗುರುತಿಗೆ, ಬೆನ್ನಿಗೇ ಬಿಳಿ ಪಟ್ಟಿ ಹಾಸುತ್ತ ಬಂದ. ಮೂರು ತಾಸು ಹಿಡಿಯಿತು. ಆರೂ ಮಂದಿ ಬದುಕಿ ಹೊರಬಂದರು. ಕೊನೆಯ ಸ್ಟ್ರೆಚರಿನ ಮುಂಭಾಗವನ್ನು ಕಾಲಿನ್ ಹೊತ್ತಿದ್ದಾಗ ಹಿಂದೆ ಸದ್ದಾಯಿತು. ತಿರುಗಿದರೆ ಟೆರ್ರಿ ಇರಲಿಲ್ಲ. ಪಟ್ಟಿ ದಾಟಿ ಕಾಲಿಟ್ಟ, ಅಜಾಗರೂಕತೆಯಿಂದ ಸತ್ತ ಎಂದು, ಆ ಬಯಲಿನಲ್ಲಿ ಇಲ್ಲದ ಅಧಿಕಾರಿಯೊಬ್ಬ ವರದಿ ಬರೆದ.

“ಆ ಮಾತು ಅವನ ಹೆಸರಿನ ಮೇಲಿರುವ ತನಕ ನನಗೆ ಪದಕ ಬೇಡ,” ಎಂದ ಕಾಲಿನ್.

ಆ ಕೊನೆಯ ಸ್ಟ್ರೆಚರಿನ ಮೇಲಿದ್ದು, ಟೆರ್ರಿಯನ್ನು ಕಂಡಿರಬಹುದಾದವನು ಆ ಅಮೆರಿಕನ್ನನೇ. ರೇ ಎಂದು ಹೆಸರು, ಸ್ಯಾನ್ ಡಿಯೆಗೋದವನು ಎಂಬುದಷ್ಟೇ ಕಾಲಿನ್ನನಿಗೆ ನೆನಪು. ಶಿವಕ್ಕ ಮನೆಗೆ ಬಂದವಳೇ ಅದೇ ಸ್ಯಾನ್ ಡಿಯೆಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿ ಸಂಶೋಧನೆ ಮಾಡುತ್ತಿದ್ದ ತಂಗಿಯ ಮಗಳು ಸೌಜನ್ಯಾಗೆ ಫೋನ್ ಹಚ್ಚಿದಳು.

“ನೋಡವಾ, ಆ ವರದಿ ಬರದಾಂವ ಅಲ್ಲಿ ಇರಲೇ ಇಲ್ಲ. ನೋಡಲಾರದ ಬರದಾನ. ಅಂಥಾ ಕಾಗದ ನಾ ಪಾಸ್ ಮಾಡೂದಿಲ್ಲ.”

ಸೌಜನ್ಯಾ ಹೆಲಿಕಾಪ್ಟರ್ ದಳದ ಮಾಜಿ ಸೈನಿಕರ ಸಂಘಗಳಿಂದ ಹೆಸರು ಕಲೆಹಾಕಿ, ಹನ್ನೊಂದು ಮಂದಿ ರೇಗಳಿಗೆ ಫೋನ್ ಮಾಡಿದಳು. ಮೂರನೆಯ ವಾರ ಅವಳ ಕರೆ ಬಂತು.

“ದೊಡ್ಡಮ್ಮ, ಸಿಕ್ಕಿದ್ರು. ಇಲ್ಲೇ ನಮ್ಮೂರಿನ ಪೆನಾಸ್ಕಿಟೋಸ್‌ನಲ್ಲೇ ಇದ್ದಾರೆ. ಟೆರ್ರಿ ಅಂದ ತಕ್ಷಣ ಅತ್ತುಬಿಟ್ರು.”

ಮರುದಿನ ಬೆಳಿಗ್ಗೆಯೇ ಶಿವಕ್ಕ ಕಾಲಿನ್‌ನನ್ನು ಕೂರಿಸಿಕೊಂಡು ತಾನೇ ಕಾರು ಓಡಿಸುತ್ತ ಹೊರಟಳು. ಎರಡು ತಾಸಿನ ಹಾದಿ. ಅದರ ಎರಡು ತುದಿಗಳಲ್ಲಿ ಈ ಇಬ್ಬರೂ ನಲವತ್ತು ವರ್ಷ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬದುಕಿದ್ದರು. ಕೃತಕ ಕಾಲಿನ ಮೇಲೆ ಬಾಗಿಲಲ್ಲೇ ಕಾಯುತ್ತಿದ್ದ ರೇ ಕಾಲಿನ್‌ನನ್ನು ತಬ್ಬಿಕೊಂಡ. ಆಮೇಲೆ ಒಳಗೆ ಕೂತು ನಡೆದದ್ದನ್ನು ಹೇಳಿದ. ದಾರಿ ಒಬ್ಬನಿಗಾಗುವಷ್ಟೇ ಅಗಲ. ಹಿಂದೆ ಹೊತ್ತವನ ಕಾಲು ಜಾರಿ ಸ್ಟ್ರೆಚರ್ ಬಾಂಬಿನ ನೆಲದ ಕಡೆಗೆ ವಾಲಿತು.

“ಟೆರ್ರಿ ಮೊದಲು ನೆಲ ನೋಡಿದ, ಆಮೇಲೆ ನನ್ನನ್ನು ನೋಡಿದ. ತಿಳಿದೂ ತಿಳಿದೂ ಪಟ್ಟಿಯ ಆಚೆ ಕಾಲಿಟ್ಟು ವಾಲಿದ ಸ್ಟ್ರೆಚರಿಗೆ ಹೆಗಲು ಕೊಟ್ಟ,” ಎಂದ ರೇ. ಸ್ಟ್ರೆಚರ್ ಸರಿಯಾಗಿ ಮುಂದೆ ಸಾಗುವವರೆಗೂ ಅವನು ಅಲ್ಲೇ ನಿಂತಿದ್ದನಂತೆ. ಮರಳಿ ಬರಲು ಇನ್ನೊಂದು ಕಾಲು ಊರಿದಾಗ ಬಾಂಬ್ ಸಿಡಿಯಿತು.

ಕಾಲಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಶಿವಕ್ಕ ಅಲ್ಲಿಯೇ ಲ್ಯಾಪ್‌ಟಾಪ್ ತೆರೆದು, ರೇ ಹೇಳಿದಂತೆ ಮಾತಿಗೆ ಮಾತು ಬರೆದು, ಎರಡು ಸಲ ಓದಿಸಿ ಸಹಿ ಹಾಕಿಸಿ ಸಮಿತಿಗೆ ಕಳುಹಿಸಿದಳು.

ಉತ್ತರ ಬರಲು ಒಂಬತ್ತು ತಿಂಗಳಾಯಿತು. ‘ಅಜಾಗರೂಕತೆ’ ಎಂಬ ಪದವನ್ನು ದಾಖಲೆಯಿಂದ ತೆಗೆದುಹಾಕಲಾಗಿತ್ತು. ಪದಕ ಕಾಲಿನ್, ಟೆರ್ರಿ ಇಬ್ಬರಿಗೂ ಬಂದಿತ್ತು.

ಆಸ್ಟ್ರೇಲಿಯನ್ನರು ತಮ್ಮ ಯೋಧರನ್ನು ನೆನೆಯುವ ಏಪ್ರಿಲ್ ಇಪ್ಪತ್ತೈದರಂದು ಎಲ್ಲರೂ ಸ್ಯಾನ್ ಡಿಯೆಗೋದ ಕಡಲತೀರದಲ್ಲಿ ಸೇರಿದರು. ಟೆರ್ರಿಯ ತಂಗಿ ಅಣ್ಣನ ಪದಕ ಧರಿಸಿಯೇ ಅಡಿಲೇಡ್‌ನಿಂದ ಬಂದಿದ್ದಳು. ರೇ ಊರುಗೋಲು ಬದಿಗಿಟ್ಟು ನೆಟ್ಟಗೆ ನಿಂತು ಅವಳಿಗೆ ಸೆಲ್ಯೂಟ್ ಹೊಡೆದ. ಅಣ್ಣ ಹೇಗಿದ್ದ ಎಂದು ಅವಳು ಕೇಳಿದ್ದೇ ತಡ, ಕಾಲಿನ್ ಶುರು ಮಾಡಿದ. ಟೆರ್ರಿ ಇಸ್ಪೀಟಿನಲ್ಲಿ ಮೋಸ ಮಾಡಿ ಸಿಕ್ಕಿಬೀಳುತ್ತಿದ್ದದ್ದು, ಅಪಸ್ವರದಲ್ಲಿ ಹಾಡಿ ಇಡೀ ಶಿಬಿರವನ್ನು ಎಬ್ಬಿಸುತ್ತಿದ್ದದ್ದು. ನಕ್ಕು ನಕ್ಕು ಎಲ್ಲರ ಕಣ್ಣಲ್ಲೂ ನೀರು. ಮಧ್ಯಾಹ್ನದ ಊಟ ಆರಿಹೋಯಿತು. ಶಿವಕ್ಕ ಯಾರನ್ನೂ ಊಟಕ್ಕೆ ಏಳಿಸಲಿಲ್ಲ.